ನಿನ್ನ ಉಡಿ, ನನ್ನ ದೂರು

ರಾಣೇಬೆನ್ನೂರು
೯ ಮಾರ್ಚ್ ೨೦೨೫, ರವಿವಾರ

ಅವ್ವಾ,

ನಾನು ಕ್ಷೇಮ, ನೀನೂ ಕ್ಷೇಮವೆಂದು ಬರೆಯಲು ಕೈ ಏಳುತ್ತಿಲ್ಲ. ನೇರ ವಿಷಯಕ್ಕೇ ಬರುತ್ತೇನೆ.

ಈ ಮೆಣಸಿನಕಾಯಿ ಸಂಶೋಧನಾ ತಂಡಕ್ಕೆ ಸೇರುವಾಗ ಕೊಡುತ್ತೇವೆ ಎಂದದ್ದು ಇಷ್ಟು: ನನ್ನ ಕೆಲಸಕ್ಕೆ ನನ್ನ ಹೆಸರು. ಹೊಲಕ್ಕೆ, ಪೇಟೆಗೆ ಹೋಗುವಾಗ ಜೊತೆಗೆ ಇನ್ನೊಬ್ಬ ಹೆಣ್ಣುಮಗಳು. ಜಾತಿ ಧರ್ಮ ನೋಡದೆ ಎಲ್ಲರಿಗೂ ಒಂದೇ ಊಟದ ಮೇಜು. ದೂರು ಕೊಟ್ಟರೆ ಕೊಟ್ಟವರ ಹೆಸರು ನಾಲ್ಕು ಗೋಡೆಯಾಚೆ ಹೋಗದು ಎಂಬ ಮಾತು.

ಸಿಕ್ಕದ್ದು ಇಷ್ಟು: ಲೇಖನದಲ್ಲಿ ನನ್ನ ಹೆಸರಿಲ್ಲ. ಜೀಪಿನಲ್ಲಿ ನಾನೊಬ್ಬಳೇ ಹೆಂಗಸು, ಅದೂ ಮುಂದಿನ ಸೀಟಿನಲ್ಲಿ, ನನ್ನ ಗೈಡ್ ಚೇತನಕುಮಾರ ಸರ್ ಪಕ್ಕ. ನನ್ನ ಜೊತೆ ಸೇರಿದ ಮಹಮ್ಮದಗೌಸನ ಡಬ್ಬಿ ಮೇಜಿನ ಮೇಲೆ ಇಡುವ ಹಾಗಿಲ್ಲ. ಅವನು ಹಿಂದಿನ ಮೆಟ್ಟಿಲ ಮೇಲೆ ಕೂತು ಉಣ್ಣುತ್ತಾನೆ. ಇನ್ನು ನನ್ನ ದೂರು, ಅದು ವಾರದೊಳಗೆ ನಾಲ್ಕು ಗೋಡೆ ಹಾರಿ ಕರ್ಜಗಿಯ ನಿನ್ನ ಪಡಸಾಲೆಯಲ್ಲಿ ಬಂದು ಕೂತಿತು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಫೋನಿನಲ್ಲಿ ನೀನು ಅಳುತ್ತೀ, ನಾನು ಒದರುತ್ತೇನೆ, ಕಡೆಗೆ ಇಬ್ಬರೂ "ಊಟ ಆತೇನು" ಎಂದು ಕೇಳಿಕೊಂಡು ಇಡುತ್ತೇವೆ. ಕಾಗದ ಒದರುವುದಿಲ್ಲ. ಪೂರ್ತಿ ಓದು.

ಬ್ಯಾಡಗಿ ಪೇಟೆಯಲ್ಲಿ ಕಾಯಿ ಮುರಿದು ಅಂಗೈಯಲ್ಲಿ ತಿಕ್ಕಿ ಬಣ್ಣ ನೋಡುವುದು ನಿನಗೆ ಗೊತ್ತು. ಅಪ್ಪನ ಜೊತೆ ಚೀಲ ತಂದು ಆ ಘಾಟಿನಲ್ಲಿ ಸೀನಿದವಳು ನೀನು. ಮಾದರಿ ಆರಿಸುವಾಗ ನಮ್ಮ ತಂಡವೂ ಹಾಗೇ ಮಾಡುತ್ತದೆ. ವ್ಯಾಪಾರಿ ತನ್ನ ಅಂಗೈಗೆ ತಿಕ್ಕುತ್ತಾನೆ, ನಮ್ಮ ಸರ್ ನನ್ನ ಅಂಗೈಗೆ. ಮೊದಲ ವರ್ಷ ಅಂಗೈ. ಆಮೇಲೆ ಮಣಿಕಟ್ಟು. ಈ ಜನವರಿಯಲ್ಲಿ ವ್ಯಾಪಾರಿ ಮೈಲಾರೆಪ್ಪನ ಅಂಗಡಿ ಮುಂದೆ, ಇಡೀ ತಂಡದೆದುರು, "ಈಕಿ ಕರೇ ಕೈ ಮ್ಯಾಲ ಬಣ್ಣ ಏಳಂಗಿಲ್ಲ, ಗಲ್ಲಕ್ಕ ಹಚ್ಚಿ ನೋಡೂಣು" ಎಂದು ಒಂದು ಕೈಯಲ್ಲಿ ಗದ್ದ ಹಿಡಿದು ಇನ್ನೊಂದು ಕೈಯಿಂದ ಗಲ್ಲಕ್ಕೆ ತಿಕ್ಕಿದರು. ತಂಡದ ಹಿರಿಯ ಕೊಟ್ರೇಶ "ಎ ಗ್ರೇಡ್ ರೀ ಸರ, ಪೇಟೆಗೇ ಮೊದಲು" ಎಂದ. ಎಲ್ಲರೂ ನಕ್ಕರು. ಮೈಲಾರೆಪ್ಪನೂ ನಕ್ಕ.

ಬಣ್ಣ ಅಳೆಯಲು ಪ್ರಯೋಗಾಲಯದಲ್ಲಿ ಯಂತ್ರವಿದೆ ಅವ್ವಾ. ಅದರ ಮುಂದೆ ಕೂತು ಮೂರು ವರ್ಷದಿಂದ ಅಳೆಯುತ್ತಿರುವವಳು ನಾನೇ. ಯಂತ್ರವಿದ್ದ ಮೇಲೆ ನನ್ನ ಗಲ್ಲ ಯಾಕೆ ಬೇಕಿತ್ತು? ಈ ಒಂದೇ ಪ್ರಶ್ನೆಯನ್ನು ನಾನು ದೂರಿನಲ್ಲಿ ಬರೆದೆ. ಆ ಸಂಜೆ ವಿಡಿಯೋ ಕಾಲಿನಲ್ಲಿ ನನ್ನ ಕಣ್ಣು ಕೆಂಪಾಗಿದ್ದು ಕಂಡು ನೀನು ಕೇಳಿದ್ದೆ. ಪೇಟೆಯ ಘಾಟು ಎಂದು ನಾನು ಹೇಳಿದ್ದೆ.

ದೂರು ವಿಚಾರಿಸುವ ಸಮಿತಿಯ ಮೊದಲ ಸಭೆಯಲ್ಲಿ ಅಧ್ಯಕ್ಷೆ ಕೇಳಿದ್ದು, ನೀವೂ ನಕ್ಕಿರೇನು ಎಂದು. ನಕ್ಕಿರಬೇಕು. ಹತ್ತು ಮಂದಿ ನಗುವಾಗ ಹೆಣ್ಣಿನ ತುಟಿ ಹೆದರಿಯೂ ಅಗಲವಾಗುತ್ತದೆ, ಅದನ್ನು ಸಂತೋಷ ಎಂದು ಬರೆದುಕೊಳ್ಳುತ್ತಾರೆ. ಕೊಟ್ರೇಶ ಸಾಕ್ಷಿ ಹೇಳಿದ: "ಅದು ಬರೇ ಚಾಷ್ಟಿ ರೀ ಮೇಡಂ, ನಾವೆಲ್ಲಾ ಒಂದ ಮನಿ ಮಂದಿ ಇದ್ದಂಗ." ಮನೆ ಮಂದಿಯಂತೆ! ತಂಡವೆಂದರೆ ಮನೆಯಲ್ಲ. ಮನೆಯಲ್ಲಿ ಪಿಎಚ್.ಡಿ. ಪ್ರಬಂಧಕ್ಕೆ ಸಹಿ ಹಾಕುವುದಿಲ್ಲ ಎಂದು ಯಾರೂ ಹೆದರಿಸುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದವನು ಗೌಸ ಒಬ್ಬನೇ.

ಆ ವಾರವೇ ಸರ್ ಹೆಂಡತಿ ಪ್ರಿಯಂವದಾ ಕಾರು ಮಾಡಿಕೊಂಡು ನಿನ್ನ ಮನೆಗೆ ಬಂದರು. ನೀನು ಫೋನಿನಲ್ಲಿ ಹೇಳುವಾಗ ನಿನ್ನ ದನಿ ಹೊಸ ಮದುಮಗಳ ದನಿಯ ಹಾಗಿತ್ತು. "ಖಣ, ಕಾಯಿ, ಅಕ್ಕಿ, ಅರಿಷಿಣ ಕುಂಕುಮ ಎಲ್ಲಾ ತಂದಿದ್ರು ಕಾವೇರಿ. ನಾ ಒಲ್ಲೆ ಅಂದ್ನಿ, ನನಗ ನಡಿಯಂಗಿಲ್ರಿ ಅಕ್ಕಾರ ಅಂದ್ನಿ. ಅದೆಲ್ಲಾ ಹಳೇ ಕಾಲದ್ದು, ಕುಂದ್ರಿ ಫಕ್ಕೀರವ್ವಾರ ಅಂತ ಹೇಳಿ ತಾವ ನನ್ನ ಸೆರಗ ಹಿಡದು ಉಡಿ ತುಂಬಿದ್ರು. ನಿಮ್ಮ ಮಗಳು ನಮ್ಮ ಮನಿ ಮಗಳು ಅಂದ್ರು."

ನಾನು ಅವತ್ತು "ಊಟ ಆತೇನು" ಎಂದು ಕೇಳಿ ಫೋನ್ ಇಟ್ಟೆ. ಅಪ್ಪ ಸತ್ತ ಮೇಲೆ ಊರಿನ ಯಾವ ಮದುವೆಯಲ್ಲೂ, ಯಾವ ಸೀಮಂತದಲ್ಲೂ ನಿನಗೆ ಯಾರೂ ಉಡಿ ತುಂಬಲಿಲ್ಲ. ಸಾಲಿನಲ್ಲಿ ಕೂತವರಿಗೆಲ್ಲ ತುಂಬುತ್ತಾ ಬಂದು ನಿನ್ನ ಹತ್ತಿರ ಬಂದಾಗ ದಾಟಿ ಹೋಗುತ್ತಿದ್ದರು. ನೀನು ಎದ್ದು ಒಳಗೆ ಹೋಗಿ, ಇಲ್ಲದ ಕೆಲಸ ಹುಡುಕುತ್ತಿದ್ದೆ. ನಾನು ನೋಡಿದ್ದೇನೆ. ನಿನ್ನ ಹಸಿವು ನನಗೆ ಗೊತ್ತು. ನನಗೆ ಹೊಟ್ಟೆ ಉರಿಯುವುದು ಅದಕ್ಕೇ: ಆ ಹಸಿವು ಅವರಿಗೂ ಗೊತ್ತಾಯಿತು. ಊರಿಗೆ ಊರೇ ನಿನಗೆ ಮಾಡಬೇಕಿದ್ದ ನ್ಯಾಯವನ್ನು ಅವರು ನನ್ನ ಬಾಯಿಗೆ ಬೀಗ ಮಾಡಿ ತಂದರು.

ಎರಡನೇ ಸಭೆಯಲ್ಲಿ ಸರ್ ಕಾಲ ಮೇಲೆ ಕಾಲು ಹಾಕಿ ಹೇಳಿದರು: "ಈಕಿ ತಾಯೀನ ನಮ್ಮ ಮನಿಯಾಕಿ ಕಡೆ ಉಡಿ ತುಂಬಿಸಿಕೊಂಡಾರ್ರಿ. ಉಡಿ ತುಂಬಿಸಿಕೊಂಡ ಮನಿ ಮ್ಯಾಲ ಯಾರರ ದೂರ ಹೇಳ್ತಾರೇನ್ರಿ? ಹುಡುಗಿ ಹಿಂದ ಬ್ಯಾರೇದವ್ರು ಅದಾರ." ಹಾಗೆನ್ನುವಾಗ ನೋಡಿದ್ದು ಗೌಸನನ್ನು. ಅಧ್ಯಕ್ಷೆ ಪೆನ್ನು ಕೆಳಗಿಟ್ಟರು. ಮುಂದಿನ ಸಭೆಯೇ ಕೊನೆಯದು, ತಾಯಿಗೇ ತಕರಾರಿಲ್ಲದಿದ್ದರೆ ದೂರು ಮುಚ್ಚುತ್ತೇವೆ ಎಂದರು.

ಇಪ್ಪತ್ತೆಂಟು ವರ್ಷದ ನನ್ನ ಗಲ್ಲಕ್ಕೆ ನಿನ್ನ ಒಪ್ಪಿಗೆ ಯಾಕೆ ಬೇಕು? ಬೇಕಿಲ್ಲ, ಹಾಗೆಂದು ಅಲ್ಲೇ ಹೇಳಿ ಬಂದೆ. ಆದರೆ ನಿನ್ನ ಉಡಿಯನ್ನು ಅವರು ರಾಜಿ ಪತ್ರ ಮಾಡಿಕೊಂಡಿದ್ದಾರೆ. ಅದನ್ನು ಹರಿಯುವುದು ನಿನ್ನೊಬ್ಬಳಿಂದಲೇ ಸಾಧ್ಯ. ದೂರು ಮುಚ್ಚಿದರೆ ನಾಳೆಯಿಂದ ಮತ್ತೆ ಅದೇ ಜೀಪು, ಅದೇ ಮುಂದಿನ ಸೀಟು. ಇಲ್ಲವೇ ಮೂರು ವರ್ಷದ ಕೆಲಸ ಬಿಟ್ಟು ನಾನು ಕರ್ಜಗಿಗೆ ಬಂದು ಕೂಡಬೇಕು. ಶಂಕ್ರಪ್ಪ ಕಾಕಾ ಆಗಲೇ ಹೇಳಿ ಕಳಿಸಿದ್ದಾನೆ: "ಬಾಯಿ ಸಡಲ ಬಿಟ್ಟ ಹುಡುಗಿಗೆ ಗಂಡ ಎಲ್ಲಿಂದ ತರೂಣು." ಅವನಿಗೆ ಹೇಳು, ನಾನು ಗಂಡನನ್ನು ತಾ ಎಂದು ಕೇಳಿಲ್ಲ.

ನನ್ನನ್ನು ಬಗಲಲ್ಲಿ ಎತ್ತಿಕೊಂಡು ಕಳ್ಳ ಸಾರಾಯಿ ಅಂಗಡಿಯ ಮುಂದೆ ಕಸಬರಿಗೆ ಹಿಡಿದು ಕೂತವಳು ನೀನು. ಅಂಗಡಿಯವನು ಬಾಗಿನ ಕೊಟ್ಟು ಕಳಿಸಲು ಬಂದಾಗ ನೀನು ಅಂದದ್ದನ್ನು ಇಡೀ ಊರು ಹೇಳುತ್ತದೆ: "ನಮ್ಮನ್ನ ಅಕ್ಕ ತಂಗಿ ಅನಬ್ಯಾಡ, ಮದಲ ಅಂಗಡಿ ಮುಚ್ಚು." ಅಂಥ ಫಕ್ಕೀರವ್ವ ಒಂದು ಖಣಕ್ಕೆ ಸೋಲುತ್ತಾಳೇನು?

ಉಡಿಯನ್ನು ತಿರುಗಿ ಕೊಡು ಎನ್ನುವುದಿಲ್ಲ. ಖಣ ಹೊಲಿಸಿಕೋ, ತೊಡು. ಅದು ನಿನ್ನದು, ಎಂದೋ ಸಿಗಬೇಕಿದ್ದದ್ದು. ಅದನ್ನೇ ತೊಟ್ಟುಕೊಂಡು ಆ ಕೊನೆಯ ಸಭೆಗೆ ಬಾ. ಬಂದು ಒಂದೇ ಮಾತು ಹೇಳು: ಉಡಿ ತುಂಬಿಸಿಕೊಂಡವಳು ನಾನು, ನನ್ನ ಮಗಳಲ್ಲ. ಅಷ್ಟು ಸಾಕು. ನೀನು ಬರದಿದ್ದರೂ ನಾನು ಹೋಗುತ್ತೇನೆ, ಇದನ್ನು ಬೆದರಿಕೆ ಎಂದು ತಿಳಿಯಬೇಡ. ಒಬ್ಬಳೇ ಹೋಗಲು ಹೆದರಿಕೆಯಾಗುತ್ತದೆ, ಅದಕ್ಕೇ ಕರೆಯುತ್ತಿದ್ದೇನೆ.

ನಿನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ನಿನ್ನ ಬಾಯಿಯನ್ನೇ ಪಡೆದವಳು,
ಕಾವೇರಿ

ತಾ.ಕ.: ಸಾಲುಗಳು ಡೊಂಕಾಗಿವೆ, ಬೈಯಬೇಡ. ಅವತ್ತು ಕಣ್ಣು ಕೆಂಪಾದದ್ದು ಪೇಟೆಯ ಘಾಟಿಗಲ್ಲ. ನಾನು ಮುಖ ಕೊಸರಿಕೊಂಡಾಗ ಸರ್ ಬೆರಳು ಜಾರಿ ಎಡಗಣ್ಣಿನೊಳಗೆ ಹೋಯಿತು, ಬೆರಳಲ್ಲಿ ಖಾರವಿತ್ತು, ಉಗುರೂ ತಾಗಿತು. ಎಲ್ಲರೂ ನಗುತ್ತಲೇ ಇದ್ದರು. ಗೌಸ ತನ್ನ ಬಾಟಲಿಯ ನೀರು ಸುರಿದು ಕಣ್ಣು ತೊಳೆದ; ಆವತ್ತಿನಿಂದ ಅವನನ್ನು ಜೀಪಿಗೂ ಹತ್ತಿಸುವುದಿಲ್ಲ. ಆ ಕಣ್ಣಿಗೆ ಇನ್ನೂ ಮಂಜು ಕವಿದ ಹಾಗಿದೆ, ಔಷಧ ನಡೆದಿದೆ. ದೂರಿನಲ್ಲಿ ಇದನ್ನು ಬರೆಯಲಿಲ್ಲ, ಬರೆದರೆ ನಿನಗೆ ತಿಳಿಯುತ್ತದೆ ಎಂದು. ಈಗ ಸಭೆಯಲ್ಲಿ, ನೀನು ಕೂತ ಕೋಣೆಯಲ್ಲೇ ಇದನ್ನೂ ಹೇಳುತ್ತೇನೆ. ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಬೆಳಗಾಗುವುದರೊಳಗೆ ಬಂದು ನಿಂತಿರುತ್ತೇನೆ, ಜೊತೆಗೇ ಹೋಗೋಣ. ಸಭೆ ಮಾರ್ಚ್ ಹದಿನೆಂಟು, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.