ನಡುಮನೆಯ ಗೋಡೆ

ಹರಿಹರ
೧೨–೨–೧೯೫೮

ಅಪ್ಪನವರಿಗೆ ನಿಮ್ಮ ನೀಲಕ್ಕನ ನಮಸ್ಕಾರ.

ನಡುಮನೆಯ ಗೋಡೆ ಮತ್ತೆ ಒಡೆದಿದೆ. ಹೋದ ವರ್ಷ ನೀವು ಮೆತ್ತಿದ ಗಾರೆ ಮಾತ್ರ ಕದಲಿಲ್ಲ. ಹದಡಿಯಲ್ಲಿ ನಿಮ್ಮಂಥ ಗಾರೆ ಕೆಲಸದವರು ಇನ್ನೊಬ್ಬರಿಲ್ಲ. ನಿಮ್ಮ ಅಳಿಯಂದಿರು ಈ ಸಲ ಅದರ ಪಕ್ಕಕ್ಕೆ ನನ್ನ ತಲೆ ಚಚ್ಚಿದರು.

ಹೋದ ವರ್ಷ ಊರ ಹಿರಿಯರು ನನ್ನ ದೂರು ವಿಚಾರಿಸಲು ಬರುವ ಮೊದಲೇ ನೀವು ಮರ್ಯಾದೆಗೆ ಅಂಜಿ, ಒಡೆದದ್ದನ್ನು ಮುಚ್ಚಿ ಸುಣ್ಣ ಬಳಿದಿರಿ. ಅವರು ಗೋಡೆ ನೋಡಿ, "ಎಲ್ಲಾ ಚಲೋ ಐತಲ್ಲವ್ವ, ಯಾಕ ಸುಳ್ಳು ಹೇಳ್ತಿ?" ಅಂದರು. ನೀವು ಬಚ್ಚಲಲ್ಲಿ ಕೈಯ ಸುಣ್ಣ ತೊಳೆಯುತ್ತಿದ್ದಿರಿ.

ಸೋಮವಾರ ಹಿರಿಯರು ಮತ್ತೆ ಬರುತ್ತಾರೆ. ನೀವೂ ಬರಬೇಕು. ಮಗಳ ಮನೆಗೆ ಬರಿಗೈಲಿ ಹೋಗಬಾರದು ಅನ್ನುತ್ತೀರಿ. ಈ ಸಲ ಬರಿಗೈಲೇ ಬನ್ನಿ.

ನಿಮ್ಮ ಮಗಳು,
ನೀಲಕ್ಕ