ಉಡಿ ತುಂಬಿದವರೇ, ಬಾಣಂತನ ಯಾರು ಮಾಡಬೇಕು?

ಮಾನ್ಯ ಪುರಸಭೆ ಮುಖ್ಯಾಧಿಕಾರಿಗಳೇ,

ಬರುವ ಸೋಮವಾರ ಸಂತೆಕಟ್ಟೆಯ ಹಿಂದಿನ ತಗಡಿನ ಶೆಡ್ಡುಗಳನ್ನು ಕೆಡವುವುದಾಗಿ ತಮ್ಮ ಕಚೇರಿ ನೋಟಿಸು ಅಂಟಿಸಿದೆ. ಅದರಲ್ಲೊಂದು ಶೆಡ್ಡಿನಲ್ಲಿ ಒಂಬತ್ತು ತಿಂಗಳಲ್ಲಿ ಬಿದ್ದಿರುವ ಬಸುರಿಯೊಬ್ಬಳಿದ್ದಾಳೆ. ಹೆಸರು ಮನಮಾಯಾ, ನೇಪಾಳದವಳು. ಗಂಡ ಬಸ್ ಸ್ಟ್ಯಾಂಡಿನೆದುರು ಗೋಬಿ ಮಂಚೂರಿ ಗಾಡಿ ನಡೆಸುತ್ತಾನೆ. ಅವನ ಕೈಯಡುಗೆಯನ್ನು ಊರೆಲ್ಲ ಚಪ್ಪರಿಸಿ ತಿಂದಿದೆ. ಅವನ ಹೆಂಡತಿಗೊಂದು ಸೂರು ಕೇಳಿದಾಗ ಮಾತ್ರ ಅವರು ಪರದೇಶಿಗಳೆಂಬುದು ನೆನಪಾಯಿತೇ?

ತಮಗೆ ಅವಳ ಗುರುತು ಇಲ್ಲದಿರಲಿಕ್ಕಿಲ್ಲ. ಎರಡು ತಿಂಗಳ ಹಿಂದೆ 'ಹೊಸಬರೂ ನಮ್ಮವರೇ' ಎಂಬ ಸಮಾರಂಭದಲ್ಲಿ ಅವಳಿಗೆ ಕುಬಸ ಮಾಡಿಸಿದವರು ತಾವೇ. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವುದು ತವರಿನವರ ಕೆಲಸ. ಇವಳ ತವರು ಯಾವುದು ಎಂದು ಹೆಂಗಸರು ಕೇಳಿದಾಗ ತಾವು ಮೈಕು ಹಿಡಿದು, "ನಮ್ಮ ಕಚೇರಿಯೇ ಇವಳ ತವರು" ಎಂದಿರಿ. ಚಪ್ಪಾಳೆ ಬಿತ್ತು, ಪೇಪರಿನಲ್ಲಿ ಫೋಟೊ ಬಂತು. ಹೊಲಿಗೆಯವಳಾದ ನಾನು ಅವಳ ರವಿಕೆ ಹೊಲಿದು ಕೊಡಲು ಬಂದಿದ್ದೆ. ನನ್ನನ್ನೇ ತಾಯಿಯ ಜಾಗದಲ್ಲಿ ಕೂರಿಸಿದಿರಿ. ನನ್ನ ಪಕ್ಕದ ಮನೆಯ ಸರ್ವರಬಿ ಬಳೆ ಇಡಿಸಿದಳು. ನಾವು ಮಂಕುಗಳು, ಫೋಟೊಕ್ಕೆಂದು ಮಾಡಿದ್ದನ್ನು ನಿಜವೆಂದೇ ತಿಳಿದೆವು. ಕುಬಸ ಮಾಡಿದ ತವರೇ ಚೊಚ್ಚಲ ಬಾಣಂತನವನ್ನೂ ಮಾಡಬೇಕು ಎಂಬುದು ನನ್ನೂರು ಮಂಗಸೂಳಿಯಲ್ಲಿ ಸಣ್ಣ ಹುಡುಗಿಗೂ ಗೊತ್ತು. ತಮ್ಮ ಕಡೆ ಹೇಗೋ ಕಾಣೆ.

ನಾನೇ ಇಟ್ಟುಕೊಳ್ಳುತ್ತಿದ್ದೆ. ಆದರೆ ನನ್ನದು ಬಾಡಿಗೆ ಮನೆ. ಪೊಲೀಸರ ಒಪ್ಪಿಗೆಯಿಲ್ಲದೆ ಪರದೇಶದವರನ್ನು ಇಟ್ಟುಕೊಂಡರೆ ಮಾಲೀಕರಿಗೆ ದಂಡವೆಂದು ತಮ್ಮ ರಿಕ್ಷಾ ಓಣಿ ಓಣಿಯಲ್ಲಿ ಕೂಗಿಕೊಂಡು ಹೋಯಿತು. ಠಾಣೆಯಲ್ಲಿ ಕೇಳಿದರೆ ಮೊದಲು ಮಾಲೀಕರ ಒಪ್ಪಿಗೆ ತನ್ನಿ ಎನ್ನುತ್ತಾರೆ. ಮಾಲೀಕ ತವನಪ್ಪನವರು, "ಮೊದ್ಲ ಪೊಲೀಸರ ಚೀಟಿ ತೋರಸ್ರಿ. ನಾ ಏನ್ ಕೆಟ್ಟವ ಅಲ್ರಿ ಕಾಂಚನಾಬಾಯಿ, ಆದ್ರ ದಂಡ ಯಾರ್ ಕಟ್ಟಬೇಕ್ರಿ?" ಎನ್ನುತ್ತಾರೆ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಹೊಸಬರು ನಮ್ಮವರಾಗುವ ದಾರಿ ಇದೇ ಏನು?

ನಿನ್ನೆ ಹೋದಾಗ ಅವಳ ಕಾಲು ಬಾತಿದ್ದವು. ಹೆರಿಗೆಯೇನೋ ಸರಕಾರಿ ದವಾಖಾನೆಯಲ್ಲಿ ಆದೀತು, ಆಮೇಲಿನದೇ ಚಿಂತೆ. ನನ್ನ ಕೈ ಹಿಡಿದು, ಇಲ್ಲಿಯೇ ಕಲಿತ ಮಾತಿನಲ್ಲಿ, "ಆಯಿ, ಕೂಸಿನ್ನ ತಗೊಂಡ ಎಲ್ಲಿ ಬರ್ಲಿ?" ಎಂದಳು. ನಾನು ಹೊರಗೆ ಬಂದು ಅತ್ತುಬಿಟ್ಟೆ. ನನಗೆ ಭಯವಾಗಿದೆ, ಮಾನ್ಯರೇ. ಸರ್ವರಬಿಯೇ ನನ್ನನ್ನು ಬೈದಳು: "ಅಳತೀ ಯಾಕ? ಇಕಿ ತವರು ಯಾವ್ದಂತ ಸಾಹೇಬ್ರು ಮೈಕಿನ್ಯಾಗ ಹೇಳ್ಯಾರಲ್ಲ, ಅಲ್ಲೇ ಕರಕೊಂಡ ಹೋಗೂಣು ನಡಿ."

ಆದ್ದರಿಂದ ಕೇಳುತ್ತಿದ್ದೇನೆ. ಬಾಣಂತನ ಮುಗಿಯುವವರೆಗೆ ಆ ಶೆಡ್ಡನ್ನು ಮುಟ್ಟಬೇಡಿ. ಇಲ್ಲವೇ ಅವಳು ನನ್ನ ಮನೆಯಲ್ಲಿರಲು ಒಪ್ಪಿಗೆ ಕೊಡಿಸಿ. ಎರಡೂ ಆಗದಿದ್ದರೆ ಸೋಮವಾರ ಬೆಳಿಗ್ಗೆ ಅವಳನ್ನು ತಮ್ಮ ಕಚೇರಿಗೇ ಕರೆತರುತ್ತೇವೆ. ಹಾಸಿಗೆ ನಾವು ತರುತ್ತೇವೆ. ಬಾಣಂತಿಗೆ ಎರೆಯಲು ನೀರನ್ನಷ್ಟು ತಾವು ಕಾಯಿಸಿಡಿ.

ಇಂತಿ,
ಫೋಟೊ ಮುಗಿದ ಮೇಲೂ ತಾಯಿಯ ಜಾಗದಿಂದ ಏಳಲು ಬಾರದ
ಕಾಂಚನ, ಹೊಲಿಗೆಯವಳು