ಬಾಗಿಲ ಹೊರಗೆ ಕೂರುವವರು

ಎರಡನೆಯ ಎಣಿಕೆಯ ೩೧೮ನೇ ವರ್ಷ, ಹದಿಮೂರನೇ ತಿಂಗಳ ನಲವತ್ತು
ಕೆಳಬೀದರ

ಹಿಂದಿನವರೇ,

ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಾಳೆ ನನಗೆ ಶಸ್ತ್ರಚಿಕಿತ್ಸೆ. ಅದಕ್ಕೆ ಮೊದಲು ಯಾರಿಗಾದರೂ ಬರೆಯಬೇಕೆನಿಸಿತು; ನನ್ನ ಕಾಲದಲ್ಲಿ ಅಂಥವರು ಯಾರೂ ನೆನಪಿಗೆ ಬರಲಿಲ್ಲ.

ಬಿಸಿಲು ತಾಳಲಾರದೆ ನಾವು ನೆಲದಡಿಯಲ್ಲಿ ವಾಸಿಸುತ್ತೇವೆ, ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಪ್ರತಿ ಕೋಣೆಯಲ್ಲೂ ಒಂದು ಒಡನುಡಿ ಇರುತ್ತದೆ, ಅಂದರೆ ಗೋಡೆಯೊಳಗಿಂದ ಮಾತನಾಡುವ ಯಂತ್ರ. ಊಟವಾಯಿತೇ ಎಂದು ಕೇಳುವುದೂ ಅದೇ, ದೀಪ ಆರಿಸುವುದೂ ಅದೇ. ನನ್ನ ಯಕೃತ್ತಿನಲ್ಲಿ ಗಂಟು ಬೆಳೆದಿದೆ ಎಂದು ಮೊದಲು ಹೇಳಿದ್ದೂ ಅದೇ. ಕ್ಯಾನ್ಸರ್ ಅಲ್ಲ. ಇಂಥ ಗಂಟುಗಳನ್ನು ಬಹುಪಾಲು ಹಾಗೆಯೇ ಬಿಡುತ್ತಾರೆ. ನನ್ನದು ಬೇಗ ಬೆಳೆಯುತ್ತಿದೆ, ಒಡೆದರೆ ಹೊಟ್ಟೆಯೊಳಗೆ ರಕ್ತ ಸುರಿಯುತ್ತದೆ, ಆದ್ದರಿಂದ ತೆಗೆಯಬೇಕು. ಕೊಯ್ಯುವ ಕೆಲಸ ನೂಲುಗೈಗಳದ್ದು, ಹೊಕ್ಕುಳಿನ ಮೂಲಕ ಒಳಹೋಗುವ ಕೂದಲಿನಷ್ಟು ತೆಳುವಾದ ಯಂತ್ರಗಳು. ಉಳಿದ ಯಕೃತ್ತು ಮತ್ತೆ ಬೆಳೆಯುತ್ತದೆ, ನಿಮ್ಮ ಕಾಲದಲ್ಲಿ ಬೆಳೆಯುತ್ತಿದ್ದಂತೆಯೇ.

ಆದರೆ ಒಂದು ಕಟ್ಟಳೆಯಿದೆ. ನಡುವೆ ರಕ್ತ ನಿಲ್ಲದಿದ್ದರೆ ಗಂಟನ್ನು ಅಲ್ಲೇ ಬಿಟ್ಟು ಹೊಲಿಯಬೇಕೆ, ಯಕೃತ್ತಿನ ಬಲಭಾಗವನ್ನೇ ತೆಗೆಯಬೇಕೆ ಎಂಬುದನ್ನು ಯಂತ್ರ ನಿರ್ಧರಿಸುವಂತಿಲ್ಲ. ರೋಗಿಯ ಮನಸ್ಸು ತಿಳಿದ ಮನುಷ್ಯರೊಬ್ಬರು ಬಾಗಿಲ ಹೊರಗೆ ಕೂತಿದ್ದು ಹೇಳಬೇಕು. ಕೂರುವವರಿಲ್ಲದಿದ್ದರೆ ಶಸ್ತ್ರಚಿಕಿತ್ಸೆಯೇ ಇಲ್ಲ. ನಾನು ಒಡನುಡಿಯ ಹೆಸರು ಕೊಟ್ಟೆ. ವೈದ್ಯೆ ನಸ್ರೀನ್ ನಕ್ಕುಬಿಟ್ಟರು.

“ಏನವ್ವಾ, ಗ್ವಾಡಿ ಕಿತ್ಕೊಂಡು ಬಂದು ಕೂಡತದೇನು ಅದು?”

ಗೋಡೆಯ ಆಚೆ ಯಾರೋ ಕೆಮ್ಮುವುದನ್ನು ವರ್ಷಗಳಿಂದ ಕೇಳುತ್ತಿದ್ದೆ. ನಿನ್ನೆ ಹೋಗಿ ಆ ಬಾಗಿಲು ತಟ್ಟಿದೆ. ತೆರೆದವರು ಗಾಳಿಕೊಳವೆ ತೊಳೆಯುವ ಮಡಿವಾಳಪ್ಪ. ಹೆಸರು ತಿಳಿದದ್ದೂ ಆಗಲೇ.

“ದಿನಾ ಯಾರ ಜೋಡಿನೋ ಜಗಳಾ ಆಡೋರು ನೀವೇ ಏನ್ರೀ?”

ನಿಂತಲ್ಲೇ ಎಲ್ಲ ಹೇಳಿ, ನನಗಾಗಿ ಬಾಗಿಲ ಹೊರಗೆ ಕೂರುವಿರಾ ಎಂದು ಕೇಳಿದೆ. ಅರ್ಧ ಯಕೃತ್ತು ಹೋದರೂ ಸರಿ, ಈ ಗಂಟನ್ನು ಹೊತ್ತು ಮತ್ತೆ ಆ ಕೋಣೆಯಲ್ಲಿ ಒಬ್ಬಳೇ ಮಲಗಲಾರೆ ಎಂದೆ. ಇದನ್ನು ಒಡನುಡಿಗೂ ಹೇಳಿರಲಿಲ್ಲ. ಅವರು ತಲೆ ಅಲ್ಲಾಡಿಸಿದರು.

“ಮಂದಿ ಜೀವದ ಮಾತು ನಾ ಹೆಂಗ್ ಹೇಳ್ಲಿ, ಯಕ್ಕಾ?”

ತಪ್ಪೇನೂ ಇಲ್ಲ ಎಂದು ಹೇಳಿ ಹೊರಟೆ. ತಿರುವಿನವರೆಗೆ ಹೋಗಿದ್ದೆ, ಹಿಂದಿನಿಂದ ಕೂಗಿದರು.

“ಎಷ್ಟ್ ತಾಸು ಹಿಡೀತದ? ರೊಟ್ಟಿ ಕಟ್ಕೊಂಡ್ ಬರಬೇಕಲ್ಲ!”

ನಿಮ್ಮ ಆಸ್ಪತ್ರೆಗಳಲ್ಲಿ ಒಬ್ಬ ರೋಗಿಗೆ ಹತ್ತು ಜನ ಹೊರಗೆ ಚಾಪೆ ಹಾಸಿ ಕೂರುತ್ತಿದ್ದರು, ಕಾವಲುಗಾರರು ಬೈದು ಅಟ್ಟುತ್ತಿದ್ದರು ಎಂದು ಓದಿದ್ದೇನೆ. ಎಲ್ಲರನ್ನೂ ಅಟ್ಟಬೇಡಿ.

ನೀಲಾಂಬಿಕಾ